ಹಿತ್ತಾಳೆ ಬಿಲ್ಲೆ

ಅರಗಾದ ಗೇಟಿನಲ್ಲಿ ದಿನಾ ಬೆಳಿಗ್ಗೆ ಏಳೂವರೆಗೆ
ನನ್ನ ಫೋನು ಇಸಕೊಳ್ಳುತ್ತಾರೆ.
ಬದಲಿಗೆ ಒಂದು ಹಿತ್ತಾಳೆ ಬಿಲ್ಲೆ, ನಂಬರು ನಲವತ್ತೇಳು,
ಅಂಚು ಸವೆದು ಬೆರಳಿಗೆ ಬೆಣ್ಣೆ.
ಆಮೇಲೆ ಸಂಜೆ ನಾಲ್ಕರ ತನಕ
ನೇವಿಯವರ ಕ್ಯಾಂಟೀನು, ಇನ್ನೂರು ಚಪಾತಿ,
ಸೆರಗಿನ ಗಂಟಿನಲ್ಲಿ ಬಿಲ್ಲೆ.
ಯಾರೂ ಕರೆಯುವುದಿಲ್ಲ. ಕರೆದರೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಸರ್ವೇಶನಿಗೆ ಹದಿನೇಳು.
ಕೋಡಿಬಾಗದ ನಮ್ಮ ಎರಡು ಕೋಣೆಯಲ್ಲಿ
ಅವನ ಮುಖ ರಾತ್ರಿಯಿಡೀ ನೀಲಿ.
ಫಿಜಿಕ್ಸ್ ಪುಸ್ತಕ ಬೋರಲು ಬಿದ್ದಿದೆ
ದಡಕ್ಕೆ ಎಳೆದು ಮಗುಚಿಟ್ಟ ದೋಣಿಯ ಹಾಗೆ.
ಪ್ರಿಪರೇಟರಿಯಲ್ಲಿ ಎಪ್ಪತ್ತಕ್ಕೆ ಹತ್ತೊಂಬತ್ತು.
ಪೇಪರು ತೋರಿಸಲಿಲ್ಲ;
ಪ್ಯಾಂಟು ಒಗೆಯುವಾಗ ಕಿಸೆಯಲ್ಲಿ ಸಿಕ್ಕಿತು
ಎಂಟು ಮಡಿಕೆಯಾಗಿ, ನೀರು ಕುಡಿದು.

ಮೊದಲು ಬೈದೆ.
ಪಕ್ಕದ ಮನೆಯ ಸಾನಿಕಾಳ ಹೆಸರು ತೆಗೆದು ಬೈದೆ, ಅದು ತಪ್ಪು.
ಫೋನು ಕುಚ್ಚಲಕ್ಕಿ ಡಬ್ಬಿಯಲ್ಲಿ ಹುಗಿದೆ;
ಅಕ್ಕಿಯೊಳಗಿಂದಲೇ ಗುಂಯ್ ಅಂದಿತು
ಜೀರುಂಡೆ ನುಂಗಿದ ಹೊಟ್ಟೆ.
ಅವನು ಊಟ ಬಿಟ್ಟ. ನಾನೂ ಬಿಟ್ಟೆ.
ಬಂಗಡೆ ಸಾರು ಬೆಕ್ಕಿನ ಪಾಲಾಯಿತು.
“ಮನಸ್ಸಿಟ್ಟು ಓದು” ಅಂದೆ.
“ಎಲ್ಲಿಡ್ಲಿ?” ಅಂದ.
ಉದ್ಧಟತನ ಅಂದುಕೊಂಡೆ ಆವತ್ತು.
ಅದು ನಿಜವಾಗಿ ಕೇಳಿದ್ದು ಅಂತ ಹೊಳೆಯಲು
ಎರಡು ವಾರ ಹಿಡಿಯಿತು.

ಒಂದು ರಾತ್ರಿ ಎರಡು ಗಂಟೆ. ಮೆಟ್ಟಿಲ ಮೇಲೆ ಕೂತಿದ್ದ.
ಕೈಯಲ್ಲಿ ಫೋನಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.
ಉಸಿರು ಮೇಲೆ ಮೇಲೆ,
ಬಲೆಯಿಂದ ಈಗಷ್ಟೇ ಮರಳಿಗೆ ಬಿದ್ದ ನೋಗಲಿ ಮೀನು.
ಬೆನ್ನ ಮೇಲೆ ಕೈ ಇಡಬೇಕೋ ಬೇಡವೋ,
ಹದಿನೇಳರ ಬೆನ್ನು, ಮುಟ್ಟಿದರೆ ಸೆಟೆಯುತ್ತದೆ.
ಗಂಜಿ ಬಿಸಿ ಮಾಡಿದೆ. ಒಂದು ಮಾವಿನ ಮಿಡಿ ಹಾಕಿದೆ.
ಎಂತ ಆಯ್ತೆಂದು ಕೇಳಲಿಲ್ಲ.
ಕೇಳದೇ ಇರುವುದೆಷ್ಟು ಕಷ್ಟ, ದೇವರೇ,
ಹಲ್ಲಿನ ಹಿಂದೆ ನಾಲಿಗೆ
ಗೂಟಕ್ಕೆ ಕಟ್ಟಿದ ಕರು.

ಭಾನುವಾರ ಇಳಿತದ ಹೊತ್ತು
ಕಾಳಿ ಹೊಳೆಗೆ ಕರೆದೊಯ್ದೆ, ತಿಸರೆ ಆಯಲು.
ಮೊಳಕಾಲು ನೀರು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ,
ಪಾದವೇ ಹುಡುಕಬೇಕು ಕೆಸರಿನೊಳಗೆ;
ಹಿಮ್ಮಡಿಗೆ ಗಟ್ಟಿ ತಾಗಿದರೆ ಬಾಗು.
ಸೇತುವೆಯ ಮೇಲೆ ಗೋವಾದ ಲಾರಿಗಳು.
ಅರ್ಧ ಬುಟ್ಟಿ ತುಂಬುವವರೆಗೆ ಮಾತಿಲ್ಲ.
ಆಮೇಲೆ ನನಗೆ ಬೆನ್ನು ಹಾಕಿ, ನೀರಿಗೆ ಹೇಳಿದ:
“ಅಕ್ಷರ ಕಾಣ್ತದೆ ಅಮ್ಮಾ. ಒಳಗೆ ಹೋಗೂದಿಲ್ಲ.
ಓದ್ಲಿಕ್ಕೆ ಕೂತ್ರೆ ಎದೆ ಹೊಡ್ಕೊಳ್ತದೆ.
ಅದಕ್ಕೇ ಫೋನು ತೆಗೀತೇನೆ.
ಸ್ವಲ್ಪ ಹೊತ್ತು ಏನೂ ಗೊತ್ತಾಗೂದಿಲ್ಲ.”

ನಾನು ಆಯುತ್ತಲೇ ಇದ್ದೆ.
ತಲೆ ಎತ್ತಿದರೆ ನಿಲ್ಲಿಸಿಬಿಟ್ಟಾನು.
“ನಂಗೂ ಹಂಗೇ” ಅಂದೆ.
ಗೇಟಿಂದ ಹೊರಬಿದ್ದ ಕೂಡಲೇ ಬಸ್ಸಿನಲ್ಲಿ
ಯಾರದೋ ಮದುವೆ, ಯಾರದೋ ಅಡುಗೆ
ಬೆರಳಲ್ಲಿ ಸರಿಸುತ್ತ ಸರಿಸುತ್ತ
ಬಿಣಗಾ ಹೋದದ್ದು, ಕೋಡಿಬಾಗ ದಾಟಿದ್ದು ತಿಳಿಯದೆ
ಸದಾಶಿವಗಡದಲ್ಲಿ ಇಳಿದು, ಹೊಳೆ ನಡೆದು ದಾಟಿ ಬಂದ ಕತೆ ಹೇಳಿದೆ.
ಅವನ ಬೆನ್ನು ನಕ್ಕಿತು.

ಈಗ ನಮ್ಮನೆಯಲ್ಲೂ ಒಂದು ಗೇಟು.
ರಾತ್ರಿ ಎಂಟಕ್ಕೆ ಎರಡೂ ಫೋನು ಹಳೇ ಪಾತೇಲಿಯೊಳಗೆ, ಮೇಲೆ ಮುಚ್ಚಳ.
ಬಿಲ್ಲೆ ಎಂದರೆ ತಿಸರೆ ಚಿಪ್ಪು;
ಬಿಳೀ ಬದಿಗೆ ಇದ್ದಿಲಿನಲ್ಲಿ ನಂಬರು ಬರೆದವನು ಅವನೇ.
ನನಗೆ ಒಂದು. ತನಗೆ ನಲವತ್ತೇಳು.
ಇಪ್ಪತ್ತು ನಿಮಿಷ ಓದುತ್ತಾನೆ, ಎದ್ದು ನೀರು ಕುಡಿಯುತ್ತಾನೆ,
ಮತ್ತೆ ಹನ್ನೆರಡು ನಿಮಿಷ.
ಎದುರಿಗೆ ನಾನು, ಬ್ಲೌಸಿಗೆ ಹುಕ್ ಹಚ್ಚುತ್ತ.
ನಿಜ ಹೇಳಬೇಕೆಂದರೆ ಒಂಬತ್ತಾಗುವಷ್ಟರಲ್ಲಿ
ಮೊದಲು ತುರಿಸುವುದು ನನ್ನ ಕೈಯೇ.

ಬುಧವಾರ ದೊಡ್ಡಾಸ್ಪತ್ರೆಯ ಮೇಡಮ್ಮು ಬರಹೇಳಿದ್ದಾರೆ,
ಮಾತಾಡಿಸುವ ಮೇಡಮ್ಮು, ಸೂಜಿಯವರಲ್ಲ.
ಹೋಗ್ತೇನೆ ಅಂದಿದ್ದಾನೆ, “ನೀನು ಹೊರಗೆ ಕೂರ್ಬೇಕು.”
ಕೂರುತ್ತೇನೆ.

ನಿನ್ನೆ ಹನ್ನೊಂದಕ್ಕೆ ಪಾತೇಲಿಯ ಮುಚ್ಚಳ ಸದ್ದಾಯಿತು.
ಮಗ್ಗುಲಾದೆ, ಸುಳ್ಳು ಗೊರಕೆ ಹೊಡೆದೆ.
ಬೆಳಿಗ್ಗೆ ನೋಡಿದರೆ ಫೋನು ಒಳಗೇ ಇತ್ತು.
ಚಿಪ್ಪು ಮಾತ್ರ ಅವನ ಮುಷ್ಟಿಯಲ್ಲಿ, ನಿದ್ದೆಯಲ್ಲೂ,
ಬೆವರಿಗೆ ಇದ್ದಿಲು ಕರಗಿ
ಅಂಗೈಯಲ್ಲಿ ಮೂಡಿತ್ತು ನಲವತ್ತೇಳು,
ತಿರುವುಮುರುವಾಗಿ.