ಶೇಷ

ರೆಯ್ನೊ ಕಾಂಗಸ್ ಮೇಷ್ಟ್ರು ಹೋದರು, ಮಂಗಳವಾರ ನಸುಕಿಗೆ ಮುಂಚೆ.
ಗುರುವಾರದ ಪತ್ರಿಕೆಯಲ್ಲಿ ಜಾಗ ಬಿಟ್ಟಿದ್ದೇನೆ.
ಎಂಬತ್ತೊಂಬತ್ತು ವರ್ಷವನ್ನು ಆರು ಇಂಚಿಗೆ ಇಳಿಸಬೇಕು,
ಅದೂ ಅವರ ಲೆಕ್ಕದಲ್ಲಿ ಎರಡು ಸಲ ಫೇಲಾದ ನಾನು.

ಹುಟ್ಟಿದ್ದು ತಾಮ್ರದ ಗಣಿಯವರ ಸಾಲುಮನೆಯಲ್ಲಿ,
ಫಿನ್ಲೆಂಡಿನಿಂದ ಬಂದ ಅಪ್ಪ ದಿನಾ ನೆಲದೊಳಗೆ ಇಳಿದು
ಹತ್ತಿ ಬರುತ್ತಿದ್ದ ಕಾಲಕ್ಕೆ.
ಓದು, ಕೊರಿಯಾ, ಮದುವೆ. ಮೂವತ್ತನಾಲ್ಕು ವರ್ಷ
ಒಂದೇ ಶಾಲೆ, ಒಂದೇ ಕೋಣೆ, ಸುಪೀರಿಯರ್ ಸರೋವರದ ಕಡೆ ಕಿಟಕಿ.
ಇಷ್ಟು ಬರೆದರೆ ಎಲ್ಲವೂ ನಿಜ, ಯಾವುದೂ ಅವರಲ್ಲ.

ಅವರೆಂದರೆ, ಜನವರಿಯ ಬೆಳಗಿನ ಐದಕ್ಕೆ
ಜವಾನ ಸ್ಟೀಪೆಗೆ ಮೊಣಕಾಲು ನೋವೆಂದು ತಾವೇ ಸಲಿಕೆ ಹಿಡಿದು
ಮೆಟ್ಟಿಲ ಮೇಲಿನ ಹಿಮ ಎತ್ತಿ ಹಾಕಿ, ಒಂಬತ್ತಕ್ಕೆ
ಏನೂ ಆಗದವರಂತೆ ಬೀಜಗಣಿತ ಶುರು ಮಾಡುವುದು.
ಕೋಟಿನ ಜೇಬಲ್ಲಿ ಸೀಮೆಸುಣ್ಣದ ಚೂರು, ಜೊತೆಗೇ ಮೀನಿನ ಗಾಳ.
ಒಮ್ಮೆ ಒಂದರ ಬದಲು ಇನ್ನೊಂದಕ್ಕೆ ಕೈ ಹಾಕಿ ಚುಚ್ಚಿಸಿಕೊಂಡು
ಇಡೀ ಸಮೀಕರಣವನ್ನು ಎಡಗೈಯಲ್ಲಿ ಬರೆದರು.
ನಮಗೆ ನಗುವ ಧೈರ್ಯ ಬರಲಿಲ್ಲ. ಅವರೇ ನಕ್ಕರು.

ತಪ್ಪಿಗೆ ಕೆಂಪು ಶಾಯಿ ಹಚ್ಚಿದವರಲ್ಲ. ಪೆನ್ಸಿಲ್.
"ಅಳಿಸಬಹುದಲ್ಲ" ಎನ್ನುತ್ತಿದ್ದರು, ಅಷ್ಟೆ.
ಗದರುತ್ತಿದ್ದದ್ದು ಒಂದೇ ಕಡೆ: ಭಾಗಾಕಾರ ಮುಗಿಸಿ
ಕೆಳಗುಳಿದ ಸಂಖ್ಯೆಯನ್ನು ನಾವು ಬರೆಯದೆ ನುಂಗಿದರೆ.
"ಶೇಷ ಉಳಿಯೋದು ತಪ್ಪಲ್ಲ ಕಣೋ.
ಉಳಿದಿದ್ದನ್ನ ಉಳಿದೇ ಇಲ್ಲ ಅಂತ ತೋರಿಸ್ತೀಯಲ್ಲ, ಅದು."

ಗಣಿ ಮುಚ್ಚಿದ ವರ್ಷ ಅರ್ಧ ತರಗತಿ ಖಾಲಿ,
ಕಾರಿನ ಮೇಲೆ ಹಾಸಿಗೆ ಕಟ್ಟಿಕೊಂಡು ಡೆಟ್ರಾಯ್ಟ್ ಕಡೆಗೆ.
ಹಾಜರಿ ಪುಸ್ತಕದಲ್ಲಿ ಯಾರ ಹೆಸರನ್ನೂ ಹೊಡೆಯಲಿಲ್ಲ ಮೇಷ್ಟ್ರು.
ಕೂಗುವರು, ಒಂದು ಉಸಿರಿನಷ್ಟು ಕಾಯುವರು, ಮುಂದಿನದು.
ಜೂನ್ ತನಕ ಹೀಗೇ. ಇನ್‌ಸ್ಪೆಕ್ಟರ್ ಆಕ್ಷೇಪ ಬರೆದ. ಬರೆಯಲಿ.

ಈಗ ಕೊನೆಯ ವಾಕ್ಯ, ಸತ್ತವರಿಗೆಲ್ಲ ಅದೇ ಅಚ್ಚು:
ಮೃತರು ಪತ್ನಿ ಲೆಂಪಿ, ಮೂವರು ಪುತ್ರಿಯರು, ಏಳು ಮೊಮ್ಮಕ್ಕಳು
ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.
ದೊಡ್ಡ ಮಗಳು ಸೈಮಿ ಪಟ್ಟಿ ಓದಿ, ಸರಿ, ಎಂದಳು.

ಮನೆಯ ಹಿಂದೆ ಅವರೇ ಕಟ್ಟಿದ ಸೌನಾ, ಹಬೆಸ್ನಾನದ ಗುಡಿಸಲು.
ಬಾಗಿಲ ಪಕ್ಕ ಟವೆಲ್ಲು ಹಾಕುವ ಮರದ ಗೂಟಗಳು.
ಎಣಿಸಿದೆ. ಲೆಕ್ಕ ಬಾರದವನು, ಮತ್ತೆ ಎಣಿಸಿದೆ.
ಆರು.
ಗಂಡ ಹೆಂಡತಿ ಎರಡು, ಹುಡುಗಿಯರು ಮೂರು.
ಆರನೆಯದು ಎಲ್ಲಕ್ಕಿಂತ ಕೆಳಗೆ, ಮಗುವಿನ ಕೈಗೆಟುಕುವಷ್ಟು.

ಲೆಂಪಿ ಅಜ್ಜಿ ಬಟ್ಟಲಿಂದ ತಟ್ಟೆಗೆ ಕಾಫಿ ಸುರಿಯುತ್ತ,
ನನ್ನನ್ನು ನೋಡದೆಯೇ: "ಏರೊ. ಐವತ್ತೊಂಬತ್ತರ ಮಾರ್ಚ್.
ಎರಡು ದಿನ ಇದ್ದ."
"ಅಮ್ಮಾ, ಅದೆಲ್ಲ ಈಗ್ಯಾಕೆ" ಅಂದಳು ಸೈಮಿ.
ಮುದುಕಿ ಸಕ್ಕರೆ ತುಂಡು ಹಲ್ಲಲ್ಲಿ ಕಚ್ಚಿ, ತಟ್ಟೆ ಖಾಲಿ ಮಾಡಿದಳು.
"ಪ್ರತಿ ಶನಿವಾರ ಆ ಗೂಟಕ್ಕೂ ಒಗೆದ ಟವೆಲ್ಲು ಹಾಕೋರು.
ಭಾನುವಾರ ಮಡಿಸಿ ಒಳಗಿಡೋರು.
ನಾನು ಕೇಳಲಿಲ್ಲ. ಅವರು ಹೇಳಲಿಲ್ಲ."

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ ನಾವು,
ಇಲ್ಲಿ ಆಟಕ್ಕೇ ಬಾರದವನೊಬ್ಬ
ಅರವತ್ತು ವರ್ಷ ಲೆಕ್ಕಕ್ಕಿದ್ದ.

ರಾತ್ರಿ ಕಚೇರಿಯಲ್ಲಿ ಕೂತರೆ ಸರೋವರದ ಮಂಜುಗಡ್ಡೆ ಬಿರಿಯುವ ಸದ್ದು.
ಮೂವರು ಪುತ್ರಿಯರು, ಎಂದಿತ್ತಲ್ಲ, ಅದರ ಪಕ್ಕ
ಒಬ್ಬ ಪುತ್ರ, ಎಂದು ಸೇರಿಸಿದೆ, ಪ್ರೂಫಿನ ಮೇಲೆ, ಪೆನ್ಸಿಲಿನಲ್ಲೇ.
ಮೊದಲೇ ಹೋದವನನ್ನು ಅಗಲುವುದು ಹೇಗೆ?
ವಾಕ್ಯ ತಪ್ಪು, ಗೊತ್ತು. ಸೈಮಿ ಫೋನು ಮಾಡಿ ಬೈದರೂ ಬೈಯಬಹುದು.
ಆರು ಇಂಚು ಮೀರಿ ಒಂದು ಸಾಲು ಹೆಚ್ಚಾಯಿತು.
ಹಿಮದ ಟೈರಿನ ಜಾಹೀರಾತನ್ನು
ಮುಂದಿನ ವಾರಕ್ಕೆ ಹಾಕಿದೆ.