ಉಣ್ಣೆಗುಂಬಳ

ಅಂಚೆಯಲ್ಲಿ ಬಂದ ಪೊಟ್ಟಣದಲ್ಲಿ ಐದು ಸೂಜಿ.
ಕಣ್ಣಿಲ್ಲದ ಸೂಜಿ. ದಾರ ಪೋಣಿಸಲು ತೂತೇ ಇಲ್ಲ,
ತುದಿಯ ಸುತ್ತ ಕಂಡೂ ಕಾಣದ ಮುಳ್ಳು.
ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು:
"ಕುರುಡು ಸೂಜಿಗೆ ಇನ್ನೂರು ರೂಪಾಯಾ?"

ಪೊಟ್ಟಣದ ಮೇಲೆ ಕೆಂಪನೆಯದೊಂದು ಎಲೆ,
ಬೆರಳು ಬಿಡಿಸಿಟ್ಟ ಅಂಗೈ ಹಾಗೆ.
"ಅಮ್ಮಾ, ಹರಳೆಲೆ" ಅಂದಳು ಸಿಂಚನ.
ಹೌದಲ್ಲ, ಎಳೆ ಹರಳೆಲೆಗೂ ಅದೇ ಕೆಂಪು.
ಎಂದೂ ಕಾಣದ ಮರವನ್ನು ಕಡೂರಿನಲ್ಲಿ
ಎಲ್ಲಿ ಅಂತ ಹುಡುಕಲಿ, ಬೇಲಿಯದೇ ಸಾಕು.

ಉಣ್ಣೆಗೆ ಮಾತ್ರ ದುಡ್ಡು ಕೊಡಲಿಲ್ಲ.
ಈರಬಡಪ್ಪನ ಹಟ್ಟಿಯಲ್ಲಿ ಕತ್ತರಿಸಿ ಗುಡ್ಡೆ ಹಾಕಿದ್ದು
ಕೊಳ್ಳುವವರಿಲ್ಲದೆ ಜಾಲಿಮುಳ್ಳಿಗೆ ಸಿಕ್ಕಿ ಹಾರುತ್ತಿತ್ತು.
ಗೊಬ್ಬರದ ಚೀಲದ ತುಂಬ ತುರುಕಿ ತಂದೆ.
ಅಂಟುವಾಳದ ನೊರೆಯಲ್ಲಿ ಮೂರು ಸಲ ತೊಳೆದೆ,
ಮೂರು ಸಲವೂ ಕುರಿ ಹೋಗಲಿಲ್ಲ.
ಒಣಹಾಕಿದರೆ ಬೀದಿಗೆಲ್ಲ ಮಂದೆ ಬಂದ ವಾಸನೆ.

ಬಣ್ಣಕ್ಕೆ ಹೊನ್ನೇಶನ ಗೂಡ್ಸ್ ಆಟೋ ಗುಡಿಸಿದೆ.
ವಾರವಿಡೀ ಈರುಳ್ಳಿ ಹೊತ್ತ ಗಾಡಿ, ಮೊರದ ತುಂಬ ಸಿಪ್ಪೆ.
ಪಟಕ ಹಾಕಿ ಕುದಿಸಿದರೆ, ಅಬ್ಬಾ,
ಹುಣಸೆಹಣ್ಣು ತಿಕ್ಕಿದ ತಾಮ್ರದ ಕೇಸರಿ!
ಆದರೆ ಬಿಳಿ ಉಣ್ಣೆ ಇದ್ದದ್ದು ಎರಡೇ ಹಿಡಿ,
ಮಿಕ್ಕಿದ್ದೆಲ್ಲ ಕರಿ. ಕರಿಗೆ ಯಾವ ಬಣ್ಣ ಹತ್ತೀತು?
ಸರಿ, ಒಳಗೆ ಕರಿ,
ಹೊರಗೆ ಸಿಪ್ಪೆಯಷ್ಟು ಕೇಸರಿ.

ರಾತ್ರಿ ಪಾತ್ರೆ ತೊಳೆದಿಟ್ಟು ಕೂತರೆ
ತೊಡೆಯ ಮೇಲೆ ಆಟೋ ಸೀಟಿನ ಹಳೆ ಫೋಮು.
ಕುರುಕ್, ಕುರುಕ್, ಕುರುಕ್.
ಚುಚ್ಚಿದಷ್ಟೂ ಚಿಕ್ಕದು, ಚಿಕ್ಕದಾದಷ್ಟೂ ಗಟ್ಟಿ.
ಒಂದೇ ಕಡೆ ಚುಚ್ಚಿದರೆ ಗುಳಿ,
ಗುಳಿಗಳ ಸಾಲೇ ಕುಂಬಳದ ಗೆರೆ.
ಟಿವಿಯತ್ತ ಕತ್ತು ತಿರುಗಿದ್ದೇ ತಡ, ಸೂಜಿ ತೋರುಬೆರಳಲ್ಲಿ.
ಮುಳ್ಳಿನ ಸೂಜಿ ಅಲ್ಲವೆ,
ಹೋಗುವಾಗ ನೋಯಿಸಿದ್ದು ಸಾಲದೆಂದು ಬರುವಾಗಲೂ.

ಅತ್ತೆಯ ತವರಲ್ಲಿ ಕುಣಿಮಗ್ಗ ಇತ್ತು.
ಹುಣಸೆಬೀಜದ ಸರಿ ಬಳಿದು ಕಂಬಳಿ ಬಿಗಿ ಮಾಡುತ್ತಿದ್ದರಂತೆ.
"ನಮ್ಮಪ್ಪ ಉಣ್ಣೆಗೆ ಗಂಜಿ ಕುಡಿಸ್ತಿದ್ದ,
ನೀನು ಹೊಡೆದು ಬುದ್ಧಿ ಕಲಿಸ್ತೀಯ" ಅಂದವರು
ಮಾರನೆ ರಾತ್ರಿ ತಾವೇ ಒಂದು ಸೂಜಿ ಎತ್ತಿಕೊಂಡರು.
ಎಂಟು ದಿನದ ಲೆಕ್ಕ:
ಅರಿಶಿನದಲ್ಲದ್ದಿದ ಅವರ ಹುಚ್ಚೆಳ್ಳು ಹೂ ಹನ್ನೊಂದು,
(ಹೊಲದಲ್ಲೂ ಈಗ ಅದೇ ಹಳದಿ)
ನನ್ನ ಹರಳೆಲೆ ನಾಲ್ಕು, ಚೆಂಡುಹೂವೆಂದು ನಂಬಬೇಕಾದ್ದು ಒಂದು,
ನಡುವೆ ತೂಗಲು ಕುಂಬಳ.
ಮುರಿದ ಸೂಜಿ ಮೂರು.

ಆಯುಧಪೂಜೆಯ ಬೆಳಿಗ್ಗೆ
ಬೂದುಗುಂಬಳ ಒಂದಕ್ಕೆ ನೂರಿಪ್ಪತ್ತಂತೆ ಅಂತ
ಸಂತೆಯಿಂದ ಬರಿಗೈಲಿ ಬಂದ ಹೊನ್ನೇಶ
ಬಾಗಿಲ ಮೇಲಿನ ನನ್ನ ಕುಂಬಳ ಬಿಚ್ಚಿ
ಕುಂಕುಮ ಬಳಿದು ಮುಂಚಕ್ರಕ್ಕೆ ಕೊಟ್ಟೇಬಿಟ್ಟ.
"ಬೇಡ" ಅನ್ನುವಷ್ಟರಲ್ಲಿ ಗಾಡಿ ಮೊಳ ಮುಂದೆ.

ಒಡೆಯಲಿಲ್ಲ. ಸದ್ದಿಲ್ಲ, ಬೀಜವಿಲ್ಲ.
ಪಕ್ಕದ ನಿಂಬೆಹಣ್ಣು ಪಚಕ್ ಅಂದಿತು, ಅಷ್ಟೆ.
ಎತ್ತಿದರೆ ರೊಟ್ಟಿ, ಬೆನ್ನಿಗೆ ಟೈರಿನ ಅಚ್ಚು.
ಸಿಂಚನ ಗೊಳೋ ಅಂತಾಳೆ, ಹೊನ್ನೇಶ ತಲೆ ಕೆರೆಯುತ್ತಾನೆ:
"ಅವ್ವಾ, ಒಡೀದಿದ್ರೆ ದೃಷ್ಟಿ ಹೋದಂಗಾ?"
ಅತ್ತೆ ರೊಟ್ಟಿಯನ್ನು ತಿರುವಿ ನೋಡಿದರು.
"ಒಳಗೇ ಸಿಕ್ಕಾಕಂಡಿರ್ತದೆ ಬಿಡು.
ಉಣ್ಣೆಗೆ ಸಿಕ್ಕಿದ್ದು ಯಾವನಿಗೂ ಬಿಡ್ಸಕ್ಕಾಗಲ್ಲ."

ರಾತ್ರಿ ಚಿತ್ತೆ ಮಳೆ ನಾಲ್ಕು ಹನಿ ಹಾಕಿ ಸುಮ್ಮನಾಯಿತು.
ಉಳಿದ ಎರಡು ಸೂಜಿ, ಆಚೆ ಅತ್ತೆ, ಈಚೆ ನಾನು,
ಬದಿಗಳಿಂದ ಚುಚ್ಚಿ ಚುಚ್ಚಿ ದುಂಡಗೆ ಎಬ್ಬಿಸುತ್ತಿದ್ದೇವೆ.
ಒಳಗಿನ ಕರಿ ಎಳೆಗಳು ಕೇಸರಿ ದಾಟಿ ಹೊರಬಂದಿವೆ
ಅಲ್ಲೊಂದು ಇಲ್ಲೊಂದು, ಮುದುಕಿಯ ಗದ್ದದ ಕೂದಲಂತೆ
(ಇದನ್ನು ಅತ್ತೆಗೆ ಹೇಳಲಿಲ್ಲ).
ಕುಂಕುಮ ಹೋಗಿಲ್ಲ. ಟೈರಿನ ಗೆರೆ
ಕುಂಬಳದ ಗೆರೆಗಳ ಸಾಲಿನಲ್ಲಿ ಸೇರಿಕೊಂಡು ಕೂತಿದೆ.

ಎಡಗಡೆ ಇನ್ನೂ ಒಂಚೂರು ತಗ್ಗು.
ಕುರುಕ್.