ಕಾಣೆಯ ಮುಳ್ಳು

ಶನಿವಾರ ರಾತ್ರಿ, ಮಂಗಳೂರು ಬಂದರಿನ ಹೋಟೆಲು.
ಫ್ಯಾನಿನ ಕೆಳಗಿನ ಮೇಜಿಗೆ ಅರ್ಧ ಗಂಟೆ ಕಾದೆವು.
ನೌಫಲ್ ಮೆನು ನೋಡುವುದಿಲ್ಲ, ಪಕ್ಕದವರ ತಟ್ಟೆ ನೋಡುತ್ತಾನೆ.
ವಿಲ್ಮಾ ಬೆಲೆ ಮಾತ್ರ ಓದುತ್ತಾಳೆ, ಜೋರಾಗಿ.

ನಿನ್ನೆ ಕೋರ್ಟಿನ ಕಾಗದ ಕೈಗೆ ಬಂದಿತ್ತು ಹರಿಣಾಕ್ಷಿಗೆ.
ಯಾರೂ ಕೇಳಲಿಲ್ಲ.
ನಾನು ಉಪ್ಪಿನಕಾಯಿ ಹೊಗಳಿದೆ.
ಬಂಗುಡೆ ಪುಳಿಮುಂಚಿ, ನೀರುದೋಸೆ ಎಂಟು,
ಕಾಣೆ ಫ್ರೈ ಒಂದು, ದೊಡ್ಡದು.

ಅದರ ಬೆನ್ನನ್ನು ಬೆರಳಲ್ಲಿ ಮೆತ್ತಗೆ ಒತ್ತಿ
ತಲೆ ಹಿಡಿದು ಎಳೆದಳು:
ಬಾಲದವರೆಗೆ ಇಡೀ ಮುಳ್ಳು, ಎಲ್ಲೂ ತುಂಡಾಗದೆ.
"ಹನ್ನೊಂದು ವರ್ಷ," ಅಂದಳು,
ತಟ್ಟೆಯಂಚಿಗೆ ಇಟ್ಟಳು.

ತಿಂದೆವು. ಇನ್ನೂ ಬಿಸಿಯಿತ್ತು.
ಮೇಜಿನಡಿಯ ಬೆಕ್ಕು ಕಾಲು ಸವರಿತು.

ಆಮೇಲೆ ಗಡ್‌ಬಡ್, ನಾಲ್ಕು ಚಮಚ, ಒಂದೇ ಗ್ಲಾಸು;
ತಳದ ಜೆಲ್ಲಿಗೆ ನೌಫಲ್ ಜೊತೆ ಜಗಳಾಡಿದಳು,
ಗೆದ್ದಳು.